ಪ್ರೋಟಾನ್–ಹೈಡ್ರೋಜನ್ ಡಿಕ್ಕಿ: ವೇಗ ಏರಿದಂತೆ ಎಲೆಕ್ಟ್ರಾನ್ ವರ್ಗಾವಣೆಯ ಲೆಕ್ಕ ಯಾಕೆ ಹಳಿ ತಪ್ಪುತ್ತೆ?

ತುಂಗಾತೀರ

ಪ್ರೋಟಾನ್ ಒಂದು ಹೈಡ್ರೋಜನ್ ಪರಮಾಣುವಿನ ಪಕ್ಕದಲ್ಲಿ ಹಾದುಹೋಗುವಾಗ ಅದರ ಎಲೆಕ್ಟ್ರಾನನ್ನು ಕಿತ್ತುಕೊಂಡು ಹೋಗುವ ಕ್ರಾಸ್ ಸೆಕ್ಷನ್ (ಆ ಘಟನೆಯ ಸಾಧ್ಯತೆಯನ್ನು ವಿಸ್ತೀರ್ಣವಾಗಿ ಹೇಳುವ ಅಳತೆ) ಬೇಕಾಗಿದೆ. ಎರಡೇ ಸ್ಥಿತಿ ಇಟ್ಟುಕೊಂಡು ಮಾಡಿದ ಲೆಕ್ಕ: ಹೈಡ್ರೋಜನ್ ಅಣು ಅಯಾನಿನ (ಎರಡು ಪ್ರೋಟಾನ್, ಒಂದು ಎಲೆಕ್ಟ್ರಾನ್) ಅತಿ ಕೆಳಗಿನ ಸಮ ಸ್ಥಿತಿ ಸಿಗ್ಮಾ-ಜಿ ಮತ್ತು ಅದರ ವಿಷಮ ಜೋಡಿ ಸಿಗ್ಮಾ-ಯು. ಪ್ರೋಟಾನ್ ನೇರ ಗೆರೆಯಲ್ಲಿ ಹೋಗುತ್ತದೆ ಅಂತ ಹಿಡಿದಿದೆ. ಬಂದ ಉತ್ತರ ಹೀಗಿದೆ.

100 ಇವಿ (ಎಲೆಕ್ಟ್ರಾನ್ ವೋಲ್ಟ್; ಕೆಇವಿ ಅಂದರೆ ಸಾವಿರ ಇವಿ): 2.5×10⁻¹⁵ ಚದರ ಸೆಂ.ಮೀ.
1 ಕೆಇವಿ: 1.6×10⁻¹⁵
25 ಕೆಇವಿ: 6×10⁻¹⁶
100 ಕೆಇವಿ: 2.4×10⁻¹⁶

ಮೊದಲ ಎರಡು ಪ್ರಯೋಗದ ಜತೆ ಚೆನ್ನಾಗಿ ಕೂಡುತ್ತವೆ. ಕೊನೆಯದು ಕೂಡುವುದೇ ಇಲ್ಲ, ಅಲ್ಲಿ ಅಳತೆ 10⁻¹⁷ರ ಆಸುಪಾಸಿನಲ್ಲಿದೆ. ಇನ್ನೂ ಒಂದು ಗೊಂದಲ: ಸ್ಥಿತಿಗಳ ಸಂಖ್ಯೆ ಹೆಚ್ಚಿಸಿ ಕಪ್ಲಿಂಗ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿಸುವ ಪದ) ಸೇರಿಸಿದರೆ, ನಿರ್ದೇಶಾಂಕದ ಮೂಲಬಿಂದುವನ್ನು ನಡುಮಧ್ಯದಿಂದ ಗುರಿ ಪರಮಾಣುವಿಗೆ ಸರಿಸಿದ ಕೂಡಲೇ ಉತ್ತರವೇ ಬದಲಾಗುತ್ತದೆ. ಕೋಡಿನಲ್ಲಿ ತಪ್ಪಿದೆಯೋ, ಭೌತಶಾಸ್ತ್ರವೇ ಬಿಟ್ಟುಹೋಗಿದೆಯೋ?

ಎರಡುಕೇಂದ್ರ

ಕೋಡ್ ಸರಿಯಿದೆ. ಬಿಟ್ಟುಹೋಗಿರುವುದು ಎಲೆಕ್ಟ್ರಾನಿನ ಓಟ. ಅದಕ್ಕೆ ಬರುವ ಮೊದಲು, ಕೆಳಗಿನ ಶಕ್ತಿಯಲ್ಲಿ ಉತ್ತರ ಯಾಕೆ ಸರಿ ಬಂತು ಅನ್ನುವುದು ಖಚಿತವಾಗಲಿ. ಅಲ್ಲಿ ಸರಿ ಬಂದ ಕಾರಣವೇ ಮೇಲೆ ತಪ್ಪಿಗೂ ಕಾರಣ.

ಎಲೆಕ್ಟ್ರಾನ್ ಶುರುವಿನಲ್ಲಿ ಒಂದೇ ಪ್ರೋಟಾನಿನ ಮೇಲಿದೆ ಅಂದರೆ ಅದು ಜಿ ಮತ್ತು ಯು ಎರಡರ ಸಮಪಾಲು ಬೆರಕೆ. ಎರಡು ಸ್ಥಿತಿಗಳ ಶಕ್ತಿ ಬೇರೆಬೇರೆ, ಹಾಗಾಗಿ ಅವುಗಳ ಫೇಸ್ (ಅಲೆಯ ಹಂತ) ಬೇರೆಬೇರೆ ದರದಲ್ಲಿ ತಿರುಗುತ್ತದೆ. ಡಿಕ್ಕಿ ಮುಗಿಯುವಷ್ಟರಲ್ಲಿ ಫೇಸ್ ವ್ಯತ್ಯಾಸ ಪೈ ಆಗಿದ್ದರೆ ಬೆರಕೆಯ ಚಿಹ್ನೆ ಅದಲುಬದಲಾಗಿ ಎಲೆಕ್ಟ್ರಾನ್ ಪೂರ್ತಿ ಆಚೆ ಪ್ರೋಟಾನಿನ ಮೇಲಿರುತ್ತದೆ. ಎರಡು ಪೈ ಆಗಿದ್ದರೆ ವಾಪಸ್ ಮನೆಗೆ. ಸಂಭವನೀಯತೆ ಅಂದರೆ ಒಟ್ಟು ಫೇಸ್ ವ್ಯತ್ಯಾಸದ ಅರ್ಧದ ಸೈನ್ ವರ್ಗ, ಅಷ್ಟೇ.

ಶಕ್ತಿ ವ್ಯತ್ಯಾಸ ಎಷ್ಟು? ಪ್ರೋಟಾನುಗಳು 2 ಬೋರ್ ದೂರದಲ್ಲಿದ್ದಾಗ (1 ಬೋರ್ ಅಂದರೆ ಹೈಡ್ರೋಜನ್ ಪರಮಾಣುವಿನ ತ್ರಿಜ್ಯ) 0.435 ಅಟಾಮಿಕ್ ಯೂನಿಟ್, ಸುಮಾರು 11.8 ಇವಿ. 10 ಬೋರ್ ದೂರದಲ್ಲಿ ಬರೀ 18 ಮಿಲಿಇವಿ. ದೂರದಲ್ಲಿ ಇದು 4 × ದೂರ × ಎಕ್ಸ್‌ಪೊನೆನ್ಶಿಯಲ್(−ದೂರ−1) ಸೂತ್ರಕ್ಕೆ ತುಂಬಾ ಹತ್ತಿರ.

1 ಕೆಇವಿಯನ್ನು ಕೈಲೆಕ್ಕದಲ್ಲೇ ಮಾಡಬಹುದು. ವೇಗ 0.2 ಅಟಾಮಿಕ್ ಯೂನಿಟ್ (1 ಅಂದರೆ ಹೈಡ್ರೋಜನಿನಲ್ಲಿ ಎಲೆಕ್ಟ್ರಾನಿನ ವೇಗ), ಯಾಕಂದರೆ 25 ಕೆಇವಿ ಪ್ರೋಟಾನಿನ ವೇಗ ಹೆಚ್ಚುಕಮ್ಮಿ 1. ಪ್ರೋಟಾನಿನ ನೇರ ಗೆರೆ ಪರಮಾಣುವಿನಿಂದ ಎಷ್ಟು ದೂರ ಅನ್ನುವ ಇಂಪ್ಯಾಕ್ಟ್ ಪ್ಯಾರಾಮೀಟರನ್ನು ಬಿ ಅನ್ನೋಣ. ನೇರ ಗೆರೆಯ ಮೇಲೆ ಶಕ್ತಿ ವ್ಯತ್ಯಾಸವನ್ನು ಕೂಡಿಸಿ ಅರ್ಧ ಮಾಡಿದರೆ ಫೇಸ್ = 9.2 × ಬಿ^1.5 × ಎಕ್ಸ್‌ಪೊನೆನ್ಶಿಯಲ್(−ಬಿ). ಫಿರ್ಸೊವ್ ಹೇಳಿದ ಉಪಾಯ ಏನೆಂದರೆ, ಈ ಫೇಸ್ 1/ಪೈ ಆಗುವ ಬಿ ಹುಡುಕುವುದು. ಅದರೊಳಗೆ ಸಂಭವನೀಯತೆ ಸರಾಸರಿ ಅರ್ಧ, ಹೊರಗೆ ಸೊನ್ನೆ. ಬಿ 6.07 ಬೋರ್ ಸಿಗುತ್ತದೆ. ಅರ್ಧ × ಪೈ × 6.07² = 58 ಚದರ ಬೋರ್. 1 ಚದರ ಬೋರ್ ಅಂದರೆ 2.8×10⁻¹⁷ ಚದರ ಸೆಂ.ಮೀ., ಅದರಿಂದ ಗುಣಿಸಿದರೆ 1.6×10⁻¹⁵. ನಿಮ್ಮ ಕೋಡ್ ಕೊಟ್ಟದ್ದೂ ಇದನ್ನೇ.

ಇದರಲ್ಲಿ ಗಮನಿಸಬೇಕಾದ್ದು 6 ಬೋರ್ ಅನ್ನುವ ದೂರ. ಪರಮಾಣುವಿನ ಆರು ಪಟ್ಟು ದೂರದಲ್ಲೇ ಎಲೆಕ್ಟ್ರಾನ್ ದಾಟುತ್ತಿದೆ. ಎರಡೂ ಕಡೆ ಬಾವಿ ಒಂದೇ ಆಳ, ಇದು ಅನುರಣನ. ಶಕ್ತಿಯನ್ನು ಹತ್ತು ಪಟ್ಟು ಇಳಿಸಿದರೂ ಬಿ ಏರುವುದು ಒಂದೂವರೆ ಬೋರ್ ಮಾತ್ರ. ಕ್ರಾಸ್ ಸೆಕ್ಷನ್ ಲಾಗರಿದಮ್ ಗತಿಯಲ್ಲಿ ಏರುವುದು ಅದಕ್ಕೇ.

ಎರಡುಕೇಂದ್ರ

ಈಗ ತೊಂದರೆಯ ಕಡೆ. ಅಣುವಿನ ಸ್ಥಿತಿಗಳನ್ನು ನಿಂತ ನ್ಯೂಕ್ಲಿಯಸ್‌ಗಳಿಗೆ ಲೆಕ್ಕ ಹಾಕಿರುತ್ತೀರಿ. ಆದರೆ ದಾಟಿದ ಎಲೆಕ್ಟ್ರಾನ್ ಓಡುವ ಪ್ರೋಟಾನಿನ ಜತೆ ಓಡಬೇಕು. ಅದರ ವೇವ್ ಫಂಕ್ಷನ್‌ಗೆ ಸಮತಲ ಅಲೆಯ ಗುಣಕವೊಂದು ಅಂಟಿಕೊಂಡಿರಲೇಬೇಕು. ಮೂಲಬಿಂದು ನಡುಮಧ್ಯದಲ್ಲಿದ್ದರೆ ಒಂದು ಕಡೆ ಎಕ್ಸ್‌ಪೊನೆನ್ಶಿಯಲ್(+ಐ ವಿ·ಆರ್/2), ಇನ್ನೊಂದು ಕಡೆ ಎಕ್ಸ್‌ಪೊನೆನ್ಶಿಯಲ್(−ಐ ವಿ·ಆರ್/2), ಎರಡಕ್ಕೂ ಚಲನಶಕ್ತಿಯ ಫೇಸ್ ವಿ²ಟಿ/8 (ವಿ ವೇಗ, ಆರ್ ಎಲೆಕ್ಟ್ರಾನಿನ ಸ್ಥಾನ, ಟಿ ಕಾಲ). ಬೇಟ್ಸ್ ಮತ್ತು ಮೆಕ್‌ಕ್ಯಾರಲ್ 1958ರಲ್ಲಿ ಇದನ್ನು ಸ್ಪಷ್ಟವಾಗಿ ಇಟ್ಟರು. ಎಲೆಕ್ಟ್ರಾನ್ ಟ್ರಾನ್ಸ್‌ಲೇಶನ್ ಫ್ಯಾಕ್ಟರ್ ಅನ್ನುವುದು ಇದನ್ನೇ.

ಇದನ್ನು ಬಿಟ್ಟರೆ ಮೂರು ರೋಗಲಕ್ಷಣ. ಕಪ್ಲಿಂಗ್ ಅನಂತ ದೂರದಲ್ಲೂ ಸೊನ್ನೆಯಾಗುವುದಿಲ್ಲ. ಮೂಲಬಿಂದು ಸರಿಸಿದರೆ ಉತ್ತರ ಬದಲಾಗುತ್ತದೆ. ವೇಗ ಏರಿದರೂ ಕ್ರಾಸ್ ಸೆಕ್ಷನ್ ಬೀಳಬೇಕಾದಷ್ಟು ಬೀಳುವುದಿಲ್ಲ. ಕೊನೆಯ ಎರಡೂ ನಿಮ್ಮ ಪ್ರಶ್ನೆಯಲ್ಲೇ ಇವೆ.

ಮೂರನೆಯದರ ಒಳಗುಟ್ಟು ಇಷ್ಟು. ಅನುರಣನ ವರ್ಗಾವಣೆಯಲ್ಲಿ ಓಟದ ದಿಕ್ಕಿನಲ್ಲಿ ವಿ/2ರಷ್ಟು ಸಂವೇಗ ಎಲೆಕ್ಟ್ರಾನಿನಲ್ಲಿ ಮೊದಲೇ ಇರಬೇಕು. ಹೈಡ್ರೋಜನಿನ ಅತಿ ಕೆಳಗಿನ 1ಎಸ್ ಸ್ಥಿತಿಯಲ್ಲಿ ಸಂವೇಗ ಪಿ ಇರುವ ಸಾಧ್ಯತೆ (1+ಪಿ²)ರ ನಾಲ್ಕನೇ ಘಾತದ ವಿಲೋಮ. 100 ಕೆಇವಿಯಲ್ಲಿ ವಿ = 2, ಪಿ = 1. ಅಲ್ಲಿಗೆ ಹದಿನಾರು ಪಟ್ಟು ಕಡಿಮೆ! ಕೊಡುವ ಕಡೆಯೂ ತೆಗೆದುಕೊಳ್ಳುವ ಕಡೆಯೂ ಈ ಬಾಲದಲ್ಲೇ ಸಂಧಿಸಬೇಕು. ನಿಮ್ಮ ಸೈನ್ ವರ್ಗದ ಸೂತ್ರಕ್ಕೆ ಇದರ ಅರಿವೇ ಇಲ್ಲ. ಅದರ ಪ್ರಕಾರ ಎಲೆಕ್ಟ್ರಾನ್ ಎಷ್ಟೇ ವೇಗದ ಬಸ್ಸಿಗೂ ನಿಂತಲ್ಲಿಂದಲೇ ಹತ್ತಬಹುದು.

ಮುಂಗಾರು

ಕೆಳಗಿನ ಶಕ್ತಿಯ ಆ ಸೈನ್ ವರ್ಗ ಬರೀ ಕಾಗದದ ಮೇಲಿನದಲ್ಲ, ಅದನ್ನು ಪ್ರಯೋಗದಲ್ಲಿ ಕಂಡಿದ್ದಾರೆ. 1962ರಲ್ಲಿ ಲಾಕ್‌ವುಡ್ ಮತ್ತು ಎವರ್‌ಹಾರ್ಟ್ ಪ್ರೋಟಾನುಗಳನ್ನು ಪರಮಾಣು ಹೈಡ್ರೋಜನ್ ಮೇಲೆ ಹಾಯಿಸಿ, 3 ಡಿಗ್ರಿ ತಿರುಗಿದವುಗಳನ್ನು ಮಾತ್ರ ಹಿಡಿದರು. 3 ಡಿಗ್ರಿ ತಿರುಗಬೇಕಾದರೆ ತುಂಬಾ ಹತ್ತಿರ ಹೋಗಿರಲೇಬೇಕು, ಹಾಗಾಗಿ ಬಿ ಬಹುಪಾಲು ನಿಗದಿಯಾಯಿತು. ಶಕ್ತಿ ಬದಲಿಸುತ್ತ ಹೋದಂತೆ ಎಲೆಕ್ಟ್ರಾನ್ ಹಿಡಿದವುಗಳ ಪಾಲು ಏರಿ ಇಳಿದು ಮತ್ತೆ ಏರಿತು. ವೇಗದ ವಿಲೋಮಕ್ಕೆ ಎದುರಾಗಿ ಗ್ರಾಫ್ ಹಾಕಿದರೆ ಶಿಖರಗಳ ನಡುವಿನ ಅಂತರ ಹೆಚ್ಚುಕಮ್ಮಿ ಸಮ.

ಶಿಖರ 1ಕ್ಕೆ ಮುಟ್ಟಲಿಲ್ಲ, ತಗ್ಗು 0ಗೆ ಇಳಿಯಲಿಲ್ಲ. ಅದಕ್ಕೆ ಮುಖ್ಯ ಕಾರಣ ಮೂರನೇ ಸ್ಥಿತಿ. ಎರಡು ಪ್ರೋಟಾನು ಹತ್ತಿರವಾದಾಗ ಯು ಸ್ಥಿತಿ ಹೀಲಿಯಂ ಅಯಾನಿನ 2ಪಿ ಕಡೆ ಹೋಗುತ್ತದೆ. ಅಲ್ಲಿ 2ಪಿ-ಸಿಗ್ಮಾ ಮತ್ತು 2ಪಿ-ಪೈ ಒಂದೇ ಶಕ್ತಿಗೆ ಬಂದು ಸೇರುತ್ತವೆ. ಅಕ್ಷ ಗಿರ್ರನೆ ತಿರುಗುವಾಗ ಎಲೆಕ್ಟ್ರಾನ್ ಅದರ ಜತೆ ತಿರುಗಲಾರದೆ ಪೈಗೆ ಜಾರುತ್ತದೆ. ಹೊರಗೆ ಬಂದಾಗ ಪರಮಾಣು 2ಪಿಯಲ್ಲಿರುತ್ತದೆ. ತುಂಗಾತೀರ ಅವರೇ, ಎರಡೇ ಸ್ಥಿತಿ ಇಟ್ಟುಕೊಂಡು ಸಣ್ಣ ಬಿಯಲ್ಲಿ ಸಂಭವನೀಯತೆ ಸರಿಬರಲಿ ಅಂತ ಒದ್ದಾಡಬೇಡಿ, ಬರುವುದಿಲ್ಲ. ಒಟ್ಟು ಕ್ರಾಸ್ ಸೆಕ್ಷನ್‌ಗೆ ಆ ಜಾಗದ ಪಾಲು ಸಣ್ಣದು, ಅದಕ್ಕೇ ಅದು ಬಚಾವಾಗುತ್ತದೆ.

ತುಂಗಾತೀರ

ಧನ್ಯವಾದ ಸರ್, ಮೂಲಬಿಂದುವಿನ ವಿಷಯ ಈಗ ಬಿಡಿಸಿಕೊಂಡಿತು. ಹಾಗಾದರೆ ಅಣುಸ್ಥಿತಿ ಬಿಟ್ಟು, ಓಟದ ಗುಣಕ ಹಾಕಿದ ಪರಮಾಣು ಸ್ಥಿತಿಗಳನ್ನೇ ಎರಡೂ ಕೇಂದ್ರದ ಮೇಲೆ ಇಟ್ಟರೆ? ಬರೆಯುವಾಗ ಎಲ್ಲಿ ಎಡವುವ ಸಾಧ್ಯತೆ?

ಎರಡುಕೇಂದ್ರ

1ರಿಂದ 100 ಕೆಇವಿಗೆ ಅದೇ ಸರಿಯಾದ ದಾರಿ. ಎಡವುವ ಜಾಗಗಳನ್ನು ಹೇಳುತ್ತೇನೆ.

ಒಂದು, ಎರಡು ಕೇಂದ್ರದ ಸ್ಥಿತಿಗಳು ಪರಸ್ಪರ ಲಂಬವಲ್ಲ. ಅವು ಎಷ್ಟು ಒಂದರ ಮೇಲೊಂದು ಬೀಳುತ್ತವೆ ಅನ್ನುವ ಓವರ್‌ಲ್ಯಾಪ್ ಮ್ಯಾಟ್ರಿಕ್ಸನ್ನು ಪ್ರತಿ ಹೆಜ್ಜೆಯಲ್ಲೂ ಕಟ್ಟಿ ತಲೆಕೆಳಗು ಮಾಡಬೇಕು. ಡಿಕ್ಕಿಯ ನಡುವೆ ಬರೀ ಗುಣಾಂಕಗಳ ವರ್ಗ ಕೂಡಿಸಿ "ಮೊತ್ತ 1 ಆಗಲಿಲ್ಲ" ಅಂತ ಗಾಬರಿಯಾಗುವುದು ಬೇಡ. ಓವರ್‌ಲ್ಯಾಪ್ ಸೇರಿಸಿ ನೋಡಿದಾಗ 1 ಬರಬೇಕು, ಕೊನೆತನಕ 10⁻⁵ರೊಳಗೆ ನಿಲ್ಲಬೇಕು.

ಎರಡು, ವಿನಿಮಯ ಇಂಟಿಗ್ರಲ್‌ಗಳಲ್ಲಿ ಈಗ ಎಕ್ಸ್‌ಪೊನೆನ್ಶಿಯಲ್(ಐ ವಿ·ಆರ್) ಕುಳಿತಿರುತ್ತದೆ. ದೀರ್ಘವೃತ್ತ ನಿರ್ದೇಶಾಂಕದಲ್ಲಿ ಒಂದು ಅಕ್ಷಕ್ಕೆ ಗಾಸ್–ಲಗೇರ್, ಇನ್ನೊಂದಕ್ಕೆ ಗಾಸ್–ಲೆಜಾಂಡರ್ (ಎರಡೂ ಆಯ್ದ ಬಿಂದುಗಳಲ್ಲಿ ಬೆಲೆ ತೆಗೆದು ಇಂಟಿಗ್ರಲ್ ಕೂಡಿಸುವ ವಿಧಾನ), ಸುತ್ತಿನ ಕೋನದಿಂದ ಬೆಸೆಲ್ ಫಂಕ್ಷನ್ ಬರುತ್ತದೆ. ವಿ = 2, ನ್ಯೂಕ್ಲಿಯಸ್ ನಡುವಿನ ದೂರ 20 ಬೋರ್ ಅಂದರೆ ಫೇಸ್ −20ರಿಂದ +20 ರೇಡಿಯನ್ ತನಕ ಓಡುತ್ತದೆ. 16 ಬಿಂದುವಿನ ಲೆಜಾಂಡರ್ ಅಲ್ಲಿ ಕಸ ಕೊಡುತ್ತದೆ, 40ರ ಮೇಲೆ ಇಡಿ. ಕೆಳಗಿನ ವೇಗದಲ್ಲಿ ಪರೀಕ್ಷಿಸಿ "ಸರಿಯಿದೆ" ಅಂದುಕೊಂಡ ಕೋಡ್ ಮೇಲಿನ ವೇಗದಲ್ಲಿ ಸದ್ದಿಲ್ಲದೆ ಕೆಡುವುದು ಇಲ್ಲೇ.

ಮೂರು, ಎನ್ = 2 (ಎರಡನೇ ಶಕ್ತಿಮಟ್ಟದ) ಸ್ಥಿತಿಗಳನ್ನು ಸೇರಿಸಿದ ಮೇಲೆ ಓಟದ ಗೆರೆಯನ್ನು ±50 ಬೋರಿಗೆ ನಿಲ್ಲಿಸಬೇಡಿ. 2ಎಸ್ ಮತ್ತು 2ಪಿ ಒಂದೇ ಶಕ್ತಿಯವು. ಪಕ್ಕದ ಪ್ರೋಟಾನಿನ ವಿದ್ಯುತ್ ಕ್ಷೇತ್ರ ಅವನ್ನು ಬೆರೆಸುತ್ತಲೇ ಇರುತ್ತದೆ, ಅದು ಇಳಿಯುವುದು ದೂರದ ವರ್ಗದ ವಿಲೋಮವಾಗಿ. ಎನ್ = 2ರ ಮೊತ್ತ ಬೇಗ ಸ್ಥಿರವಾಗುತ್ತದೆ, 2ಎಸ್ ಎಷ್ಟು, 2ಪಿ ಎಷ್ಟು ಅನ್ನುವುದು ನೂರಾರು ಬೋರ್ ದೂರ ಹೋದ ಮೇಲೆ.

ನಾಲ್ಕು, ಸುಮಾರು 50 ಕೆಇವಿ ದಾಟಿದ ಮೇಲೆ ಎಲೆಕ್ಟ್ರಾನ್ ಯಾರಿಗೂ ಸೇರದೆ ಬಿಡುಗಡೆಯಾಗುವುದೇ ಹೆಚ್ಚು. ಅದಕ್ಕೆ ದಾರಿ ಕೊಡದಿದ್ದರೆ ಆ ಪಾಲು ವರ್ಗಾವಣೆಗೆ ನುಗ್ಗುತ್ತದೆ. ಬಿಡುಗಡೆಯಾದ ಎಲೆಕ್ಟ್ರಾನಿನ ಪರವಾಗಿ ನಿಲ್ಲುವ ಕೃತಕ ಸ್ಥಿತಿಗಳು, ಅಂದರೆ ಧನಶಕ್ತಿಯ ಸೂಡೊಸ್ಟೇಟ್‌ಗಳು ಬೇಕು. ಎರಡೂ ಕೇಂದ್ರದಲ್ಲಿ ತುಂಬಿದರೆ ಓವರ್‌ಲ್ಯಾಪ್ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುವ ಹಾದಿ ಹಿಡಿಯುತ್ತದೆ. ಅದರ ಅತಿ ಚಿಕ್ಕ ಐಗನ್ ಬೆಲೆಯ ಮೇಲೆ ಕಣ್ಣಿಡಿ.

ಕೊನೆಗೆ ಬಿ ಗುಣಿಸು ಸಂಭವನೀಯತೆಯನ್ನು ಕೂಡಿಸಿ ಎರಡು ಪೈಯಿಂದ ಗುಣಿಸುವುದು. 1 ಕೆಇವಿಗೆ ಬಿ 12 ಬೋರಿನ ತನಕ ಹೋಗಬೇಕು, ಒಳಗಿನ ಅಲೆಗಳನ್ನು ಹಿಡಿಯಲು 0.05 ಬೋರ್ ಹೆಜ್ಜೆ.

ಮುಂಗಾರು

ಇಷ್ಟೆಲ್ಲ ಯಾಕೆ, ಬಾರ್ನ್ ಅಂದಾಜು (ಒಂದೇ ಹೊಡೆತದ ಸರಳ ಲೆಕ್ಕ) ಹಾಕಿದರಾಯಿತು ಅನ್ನುವವರಿಗೂ ಒಂದು ಮಾತು. ಆಪನ್‌ಹೈಮರ್ 1928ರಲ್ಲಿ, ಬ್ರಿಂಕ್‌ಮನ್ ಮತ್ತು ಕ್ರಾಮರ್ಸ್ 1930ರಲ್ಲಿ ಕೊಟ್ಟ ಸೂತ್ರ ಹೈಡ್ರೋಜನ್ 1ಎಸ್‌ನಿಂದ 1ಎಸ್‌ಗೆ ತುಂಬಾ ಚಿಕ್ಕದು: 2ರ 18ನೇ ಘಾತ, ಭಾಗಿಸು 5 ವಿ² (ವಿ²+4)⁵, ಇದನ್ನು ಪೈ ಚದರ ಬೋರಿನಿಂದ ಗುಣಿಸಿ. ಮೇಲೆ ಹೇಳಿದ (1+ಪಿ²) ಇಲ್ಲಿ (ವಿ²+4) ವೇಷದಲ್ಲಿ ಬಂದಿದೆ ನೋಡಿ. ವಿ = 2 ಹಾಕಿದರೆ 3.5×10⁻¹⁷, ಅಂದರೆ ಅಳತೆಯ ಸುಮಾರು ಮೂರರಷ್ಟು. ವೇಗ ಇನ್ನೂ ಏರಿದರೂ ಸರಿಹೋಗುವುದಿಲ್ಲ, ಅದೇ ಇದರ ವಿಶೇಷ.

ಯಾಕಂದರೆ ಅತಿ ವೇಗದಲ್ಲಿ ನಿಜವಾಗಿ ಗೆಲ್ಲುವುದು ಎರಡು ಹೊಡೆತದ ದಾರಿ. 1927ರಲ್ಲೇ ಥಾಮಸ್ ಬರೀ ಹಳೆಯ ಯಂತ್ರಶಾಸ್ತ್ರದಿಂದ ಇದನ್ನು ಕಂಡುಕೊಂಡರು. ಪ್ರೋಟಾನ್ ಎಲೆಕ್ಟ್ರಾನನ್ನು 60 ಡಿಗ್ರಿಗೆ ಒದೆಯುತ್ತದೆ; 60ರಲ್ಲಿ ಮಾತ್ರ ಎಲೆಕ್ಟ್ರಾನಿನ ವೇಗ ಪ್ರೋಟಾನಿನಷ್ಟೇ ಆಗುತ್ತದೆ, 2 ವಿ ಕೊಸೈನ್ 60 = ವಿ. ಆಮೇಲೆ ಎಲೆಕ್ಟ್ರಾನ್ ತನ್ನದೇ ನ್ಯೂಕ್ಲಿಯಸ್‌ಗೆ ತಾಗಿ ಮತ್ತೆ 60 ಡಿಗ್ರಿ ತಿರುಗಿ ಪ್ರೋಟಾನಿನ ಜತೆಗೆ ಸಮಾನಾಂತರವಾಗಿ ಓಡುತ್ತದೆ. ಪ್ರೋಟಾನ್ ಆಚೆ ಕಡೆ ತಿರುಗುವುದು 0.866/1836, ಅಂದರೆ 0.47 ಮಿಲಿರೇಡಿಯನ್. ಕ್ವಾಂಟಂ ಲೆಕ್ಕದಲ್ಲಿ ಇದು ಎರಡನೇ ಬಾರ್ನ್ ಪದವಾಗಿ ಬರುತ್ತದೆ: ಮೊದಲ ಸೂತ್ರವನ್ನು (0.295 + 5 ಪೈ ವಿ/4096)ರಿಂದ ಗುಣಿಸಬೇಕು. ಮೊದಲನೆಯದು ವಿಯ 12ನೇ ಘಾತದಲ್ಲಿ ಬೀಳುತ್ತದೆ, ಥಾಮಸ್ ಪಾಲು 11ನೇ ಘಾತದಲ್ಲಿ.

ಎರಡು ಪದಗಳು ಸಮವಾಗುವುದು ವಿ = 77ರಲ್ಲಿ. ಇದೇ ಮಾನದಲ್ಲಿ ಬೆಳಕಿನ ವೇಗವೇ 137. ಒಟ್ಟು ಕ್ರಾಸ್ ಸೆಕ್ಷನ್‌ನಲ್ಲಿ ಇದನ್ನು ಹುಡುಕುವುದು ವ್ಯರ್ಥ. ಕೋನದಲ್ಲಿ ಹುಡುಕಬೇಕು. 1983ರಲ್ಲಿ ಹಾರ್ಸ್ಡಾಲ್-ಪೆಡರ್ಸನ್, ಕಾಕ್ ಮತ್ತು ಸ್ಟಾಕ್ಲಿ ಹೀಲಿಯಂ ಗುರಿಯ ಮೇಲೆ ಎಂಇವಿ ಪ್ರೋಟಾನುಗಳಲ್ಲಿ ಆ 0.47 ಮಿಲಿರೇಡಿಯನ್ ಉಬ್ಬನ್ನು ತೋರಿಸಿದರು. ಐವತ್ತಾರು ವರ್ಷ ಕಾದ ಉಬ್ಬು!

ಬೆಳಕುಗಂಡಿ

ಹೆಚ್ಚು ಆವೇಶದ ಅಯಾನುಗಳಿಗೆ ಬರೋಣ, ಪ್ಲಾಸ್ಮಾದವರಿಗೆ ಬೇಕಾದ್ದು ಅದು. ಅಲ್ಲಿ ಅನುರಣನ ಇಲ್ಲ. ಬದಲಿಗೆ ಶಕ್ತಿ ಗೆರೆಗಳು ಒಂದನ್ನೊಂದು ದಾಟುತ್ತವೆ. ವರ್ಗಾವಣೆ ಆದ ಮೇಲೆ ಎರಡೂ ಧನ ಆವೇಶ, ಒಂದನ್ನೊಂದು ತಳ್ಳುತ್ತವೆ. ಆಗುವ ಮೊದಲು ಒಂದು ತಟಸ್ಥ. ದಾಟುವ ದೂರ ಬೋರ್‌ಗಳಲ್ಲಿ 27.2 × (ಆವೇಶ−1) ÷ ಬಿಡುಗಡೆಯಾಗುವ ಶಕ್ತಿ ಇವಿಗಳಲ್ಲಿ.

ಕಾರ್ಬನ್ 4+ ಹೈಡ್ರೋಜನ್ ಮೇಲೆ ಅಂತಿಟ್ಟುಕೊಳ್ಳಿ. ಕಾರ್ಬನ್ 3+ರ ಅಯಾನೀಕರಣ ಶಕ್ತಿ 64.49 ಇವಿ, 3ಪಿ ಮಟ್ಟ 39.68ರಲ್ಲಿದೆ. 3ಪಿಯಲ್ಲಿ ಹಿಡಿತ 24.81, ಹೈಡ್ರೋಜನಿನ 13.60 ಕಳೆದರೆ 11.21 ಇವಿ. ದೂರ 7.28 ಬೋರ್. ಓಲ್ಸನ್–ಸಲೋಪ್ ಸೂತ್ರದಿಂದ ಕಪ್ಲಿಂಗ್ ಸುಮಾರು 0.037 ಅಟಾಮಿಕ್ ಯೂನಿಟ್. ದಾಟುವ ಜಾಗದಲ್ಲಿ ಗೆರೆ ಬದಲಿಸುವ ಸಾಧ್ಯತೆ ಹೇಳುವ ಲ್ಯಾಂಡೌ–ಝೀನರ್ ಸೂತ್ರದ ಘಾತ 0.151 ಭಾಗಿಸು ರೇಡಿಯಲ್ ವೇಗ (ಎರಡರ ನಡುವಿನ ದೂರ ಬದಲಾಗುವ ವೇಗ). 1 ಕೆಇವಿ ಪ್ರತಿ ನ್ಯೂಕ್ಲಿಯಾನ್, ವೇಗ 0.2: ಗೆರೆ ಬಿಡದೆ ನೇರ ಹಾದುಹೋಗುವ ಸಂಭವನೀಯತೆ 0.47. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹಾಗಾಗಿ ವರ್ಗಾವಣೆ 2 × 0.47 × 0.53, ಗರಿಷ್ಠವಾದ ಅರ್ಧಕ್ಕೆ ಕೂದಲೆಳೆ ಕಡಿಮೆ. ಇದನ್ನೇ 10 ಇವಿಗೆ ಇಳಿಸಿ: ವೇಗ 0.02, ನೇರ ಹಾದುಹೋಗುವುದು 0.0005, ವರ್ಗಾವಣೆ ಸಾವಿರಕ್ಕೆ ಒಂದು. ಕಪ್ಲಿಂಗ್ ಜೋರಾಗಿದ್ದರೆ ವರ್ಗಾವಣೆಯೂ ಜೋರು ಅನ್ನುವುದು ಎಷ್ಟೋ ಜನರ ತಪ್ಪು ತಿಳಿವಳಿಕೆ. ನಿಧಾನದ ಡಿಕ್ಕಿಯಲ್ಲಿ ಎಲೆಕ್ಟ್ರಾನ್ ಒಳಗೆ ಹೋಗುವಾಗಲೂ ಗೆರೆ ಬದಲಿಸುತ್ತದೆ, ಹೊರಗೆ ಬರುವಾಗಲೂ ಬದಲಿಸುತ್ತದೆ, ಕೊನೆಗೆ ಹೊರಟಲ್ಲೇ ಇರುತ್ತದೆ.

ರೇಡಿಯಲ್ ವೇಗ ಅಂದೆ, ಒಟ್ಟು ವೇಗ ಅಲ್ಲ. ಬಿ ದಾಟುವ ದೂರಕ್ಕೆ ಹತ್ತಿರವಾದರೆ ರೇಡಿಯಲ್ ವೇಗ ಸೊನ್ನೆಗೆ ಹೋಗಿ ಸೂತ್ರವೇ ಮುರಿಯುತ್ತದೆ. ಗೆರೆಗಳು ದಾಟದೆ ಬರೀ ಹತ್ತಿರ ಬರುವ ಕಡೆಯೂ ಇದನ್ನು ಹಾಕಬಾರದು, ಅಲ್ಲಿ ಡೆಮ್ಕೊವ್ ಮಾದರಿ.

ಬೆಳಕುಗಂಡಿ

ಪೂರ್ತಿ ಬೆತ್ತಲೆ ಕಾರ್ಬನ್, 6+: ಎಲೆಕ್ಟ್ರಾನ್ ಹೆಚ್ಚಾಗಿ ಎನ್ = 4ಕ್ಕೆ ಬೀಳುತ್ತದೆ. ಆವೇಶದ 0.77ನೇ ಘಾತ ಅನ್ನುವ ಅಂದಾಜು 3.97 ಕೊಡುತ್ತದೆ. ಆದರೆ ಟೊಕಮಾಕ್‌ಗಳಲ್ಲಿ (ಪ್ಲಾಸ್ಮಾ ಹಿಡಿದಿಡುವ ಸಮ್ಮಿಳನ ಯಂತ್ರಗಳು) ಅಯಾನಿನ ತಾಪ ಅಳೆಯಲು ನೋಡುವುದು 529 ನ್ಯಾನೋಮೀಟರ್ ಹಸಿರು ಗೆರೆ, 8ರಿಂದ 7ಕ್ಕೆ ಇಳಿಯುವಾಗಿನದು. ಅದೊಂದೇ ಗಾಜಿನ ಕಿಟಕಿ, ಫೈಬರ್ ದಾಟಿ ಬರುವ ಅನುಕೂಲದ ಗೆರೆ. ಅಂದರೆ ಬಾಲದ ಕ್ರಾಸ್ ಸೆಕ್ಷನ್ ಮೇಲೆ ಇಡೀ ಅಳತೆ ನಿಂತಿದೆ.

ಇಲ್ಲಿ ಕೈಕೊಡುವುದು ಅಳತೆಗಾಗಿ ಪ್ಲಾಸ್ಮಾದೊಳಗೆ ಹಾಯಿಸುವ ಬೀಮಿನಲ್ಲಿರುವ ಎನ್ = 2 ಹೈಡ್ರೋಜನ್. ಅದು ಕೊಡುವಾಗ 2 × 3.97, ಅಂದರೆ ನೇರ ಎನ್ = 8ಕ್ಕೇ ಬೀಳುತ್ತದೆ! ಕಡಿಮೆ ವೇಗದಲ್ಲಿ ಕ್ರಾಸ್ ಸೆಕ್ಷನ್ ಎನ್‌ನ ನಾಲ್ಕನೇ ಘಾತದಂತೆ, ಹದಿನಾರು ಪಟ್ಟು. ಬೀಮಿನ ಸುತ್ತ ಹುಟ್ಟುವ ನಿಧಾನದ ಪರಮಾಣುಗಳ ಹಾಲೊದಲ್ಲಿ ಇವು ಸ್ವಲ್ಪವೇ ಇದ್ದರೂ ಬೆಳಕಿನಲ್ಲಿ ಪಾಲು ದೊಡ್ಡದು. ನೆಲಸ್ಥಿತಿಯ ಕ್ರಾಸ್ ಸೆಕ್ಷನ್ ಮಾತ್ರ ಹಾಕಿದರೆ ಕಾರ್ಬನ್ ಸಾಂದ್ರತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ಅಂತರರಾಷ್ಟ್ರೀಯ ಸಮ್ಮಿಳನ ಯೋಜನೆ ಇಟರ್‌ಗೆ ಇದೇ ಕೆಲಸದ 100 ಕೆಇವಿ ಹೈಡ್ರೋಜನ್ ಬೀಮ್ ಭಾರತದ ಪಾಲಿಗೆ ಬಂದಿದೆ, ಗಾಂಧಿನಗರದಲ್ಲಿ ಅದರ ಕೆಲಸ. ಅದು ಋಣ ಅಯಾನಿನಿಂದ ಶುರುವಾಗುವುದಕ್ಕೂ ಕಾರಣ ಈ ಚರ್ಚೆಯ ಮೊದಲ ಪ್ರಶ್ನೆಯೇ: 100 ಕೆಇವಿಯಲ್ಲಿ ಪ್ರೋಟಾನ್ ಎಲೆಕ್ಟ್ರಾನ್ ಹಿಡಿಯುವುದು ಅಪರೂಪ. ಧನ ಅಯಾನಿನಿಂದ ಹೊರಟರೆ ತಟಸ್ಥವಾಗುವುದು ಕಾಲು ಪಾಲಿಗಿಂತ ಕಡಿಮೆ, ಋಣ ಅಯಾನಿನಿಂದಾದರೆ ಸುಮಾರು 60 ಶೇಕಡಾ.

ತುಂಗಾತೀರ

ಕೊನೆಯ ಪ್ರಶ್ನೆ. ಲೆಕ್ಕವನ್ನು ಹೋಲಿಸಲು ಹಳೆಯ ಅಳತೆಗಳನ್ನು ತೆಗೆದುಕೊಂಡರೆ ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನು ನಂಬುವುದು?

ನಿರ್ವಾತ

ಯಾವ ವರ್ಷದ್ದು ಅನ್ನೋದಕ್ಕಿಂತ ಹ್ಯಾಗೆ ಅಳೆದಾರ ನೋಡ್ರಿ.

ಮೊದಲು ಗುರಿ ತೆಳುವಾಗಿತ್ತೇ. 1 ಮಿಲಿಟಾರ್, 300 ಕೆಲ್ವಿನ್ ಅಂದರೆ ಘನ ಸೆಂಟಿಮೀಟರಿಗೆ 3.2×10¹³ ಕಣ. 5 ಸೆಂ.ಮೀ. ಗ್ಯಾಸ್ ಕೋಶ, ಕ್ರಾಸ್ ಸೆಕ್ಷನ್ 10⁻¹⁵: 16 ಶೇಕಡಾ ಬೀಮ್ ಒಂದೇ ಸಲಕ್ಕೆ ಬದಲಾಗಿ, ಹಾಗೆ ಬದಲಾದದ್ದು ಮತ್ತೆ ಎಲೆಕ್ಟ್ರಾನ್ ಕಳಕೊಳ್ಳೋಕೂ ಶುರು ಮಾಡಿರ್ತದ. 0.3 ಮಿಲಿಟಾರ್ ಒಳಗ ಇಡಬೇಕು, ಕಡಿಮೆ ಅಂದರೂ ಐದಾರು ಒತ್ತಡದಾಗ ಅಳೆದು ಗೆರೆ ನೇರ ಐತೋ ಇಲ್ಲೋ ತೋರಿಸಬೇಕು. ಗೆರೆ ಸೊನ್ನೆ ಒತ್ತಡದಾಗ ಸೊನ್ನೆಗೆ ಬರದಿದ್ದರೆ ಅದು ಬೀಮ್‌ಲೈನಿನ ಉಳಿಕೆ ಗ್ಯಾಸಿಂದು, ಅದನ್ನ ಕಳೀಬೇಕು.

ಒತ್ತಡಮಾಪಕದ ತಲೆ 45 ಡಿಗ್ರಿಗೆ ಬಿಸಿ ಇಟ್ಟಿರ್ತಾರ, ಕೋಶ 23ರಾಗ ಇರ್ತದ. ಇಷ್ಟು ಕಡಿಮೆ ಒತ್ತಡದಾಗ ಮಾಪಕ ತೋರಿಸೋದು ತಾಪದ ಅನುಪಾತದ ವರ್ಗಮೂಲದಷ್ಟು ಹೆಚ್ಚು, ಮೂರೂವರೆ ಶೇಕಡಾ. ತಿದ್ದಿಲ್ಲ ಅಂದರೆ ಎಲ್ಲಾ ಬಿಂದುಗಳೂ ಒಂದೇ ಕಡೆ ಸರಿದಿರ್ತಾವ, ಎರರ್ ಬಾರ್ ನೋಡಿ ಗೊತ್ತಾಗೂದಿಲ್ಲ.

ಪರಮಾಣು ಹೈಡ್ರೋಜನ್ ಗುರಿ ಅಂದರೆ ಸುಮಾರು 2500 ಕೆಲ್ವಿನ್‌ಗೆ ಕಾಯಿಸಿದ ಟಂಗ್‌ಸ್ಟನ್ ನಳಿಗೆ. ಎಷ್ಟು ಅಣು ಒಡೆಯದೆ ಉಳಿದಾವ ಅನ್ನೋದೇ ದೊಡ್ಡ ಅನುಮಾನ. ಅದಕ್ಕೊಂದು ಚಂದದ ಉಪಾಯ ಐತಿ: ಹೊರಗ ಬರೋ ಋಣ ಹೈಡ್ರೋಜನ್ ಎಣಿಸೋದು. ಪ್ರೋಟಾನ್ ಒಂದೇ ಡಿಕ್ಕಿಯಾಗ ಎರಡು ಎಲೆಕ್ಟ್ರಾನ್ ಹಿಡೀಬೇಕಾದರೆ ಗುರಿಯಾಗ ಎರಡು ಇರಬೇಕು. ಪರಮಾಣುವಿನಾಗ ಇರೋದೇ ಒಂದು. ನಳಿಗೆ ಕಾಯಿಸಿದಂಗ ಋಣ ಅಯಾನು ಎಷ್ಟು ಇಳೀತೋ ಅಷ್ಟು ಅಣು ಒಡೆದಾವ. ಹಿಂಗ ಮಾಡಿದ ಅಳತೆ ನಂಬ್ರಿ. ಅಣು ಹೈಡ್ರೋಜನಿನ ಬೆಲೆಯನ್ನ ಎರಡರಿಂದ ಭಾಗಿಸಿ ಪರಮಾಣುವಿಂದು ಅಂತ ಕೊಟ್ಟಿದ್ದರೆ ಬಿಟ್ಟುಬಿಡ್ರಿ: ಅಣುವಿನ ಅಯಾನೀಕರಣ ಶಕ್ತಿ 15.4 ಇವಿ, ಅನುರಣನ ಹೋತು, 1 ಕೆಇವಿ ಕೆಳಗ ಅದರ ಕ್ರಾಸ್ ಸೆಕ್ಷನ್ ಇಳೀತದ, ಇದು ಏರ್ತದ.

ಬೆಳಕುಗಂಡಿ ಅವರು ಹೇಳಿದ ಕಾರ್ಬನ್ 6+ಗೂ ಒಂದು ಎಚ್ಚರಿಕೆ. ಅದರ ತೂಕ ಮತ್ತು ಆವೇಶದ ಅನುಪಾತ 2. ಹೀಲಿಯಂ 2+, ನೈಟ್ರೋಜನ್ 7+, ಆಕ್ಸಿಜನ್ 8+, ಹೈಡ್ರೋಜನ್ ಅಣು ಅಯಾನು, ಎಲ್ಲದರದೂ 2. ಅಯಸ್ಕಾಂತ ಇವನ್ನ ಬೇರೆ ಮಾಡೂದಿಲ್ಲ. ಅಯಾನು ಹುಟ್ಟಿಸೋ ಮೂಲಕ್ಕ ಕಾರ್ಬನ್-13 ಇರೋ ಗ್ಯಾಸ್ ಹಾಕಿದರೆ ಅನುಪಾತ 13/6 ಆಗಿ ಬೀಮ್ ಪಕ್ಕಕ್ಕ ಸರೀತದ. ಲೇಖನದಾಗ ಯಾವ ಐಸೊಟೋಪ್ ಅಂತ ಬರೆದಿದ್ದಾರೇನು ಮೊದಲು ನೋಡ್ರಿ.

ತುಂಗಾತೀರ

ನೋಡಿದೆ. ಕೈಯಲ್ಲಿರುವ ನಾಲ್ಕು ಅಳತೆಗಳಲ್ಲಿ ಎರಡು ಅಣುವಿನ ಬೆಲೆಯ ಅರ್ಧ. ಅವನ್ನು ತೆಗೆದರೆ ಉಳಿದೆರಡು ಎರರ್ ಬಾರ್ ಒಳಗೆ ಹೊಂದುತ್ತವೆ. ಇನ್ನು ಓಟದ ಗುಣಕ ಹಾಕಿ, 40 ಬಿಂದುವಿನ ಲೆಜಾಂಡರ್ ಜತೆ ವಿ = 2ರಿಂದಲೇ ಪರೀಕ್ಷೆ ಶುರು.